ಇಂದ, ವರೆಗೆ

ಪಾಲಿಕೆ ಸಭಾಭವನದ ಗ್ವಾಡಿಮ್ಯಾಲ
ಸಾಗವಾನಿ ಹಲಗಿ. ಅದರಾಗ ಮಹಾಪೌರರ ಹೆಸರು,
ಹೆಸರಿನ ಮಗ್ಗಲಕ ಎರಡು ಖಾನೆ: ಇಂದ, ವರೆಗೆ.
ಊರಾಗಿನ ಬರಹಾ ಎಲ್ಲಾ ಫ್ಲೆಕ್ಸ್ ನುಂಗಿತು,
ನನಗ ಉಳದದ್ದು ಇದೊಂದ ಹಲಗಿ.
ವರ್ಷಕ್ಕೊಮ್ಮೆ ಕರೀತಾರ,
ಹಳೇ ಹೆಸರಿನ ಬಾಗಲಾ ಹಾಕಾಕ, ಹೊಸಾದಕ್ಕ ತೆಗಿಯಾಕ.

ಯಮನೂರಪ್ಪ ಸುಣಗಾರನ ಹೆಸರು
ನಾ ಮೊದಲ ಬರದದ್ದು ಹಲಗಿಮ್ಯಾಲಲ್ಲ,
ಹೆಗ್ಗೇರಿ ಹತ್ರದ ಒಂದು ಉಚ್ಚಿ ಗ್ವಾಡಿಮ್ಯಾಲ.
ಗುರ್ತು ಸೀಟಿ. ನೀಲಿ ಬಣ್ಣಾ, ಅದಕ್ಕ ಅರ್ಧಾ ನೀರು,
ರೊಕ್ಕಾ ಉದ್ರಿ.
ನಡುರಾತ್ರಿ ಬೀಡಿ ಬೆಳಕಿನ್ಯಾಗ ಬರಕೋತ
ಪ ಕೆಳಗಿನ ಒತ್ತು ಬಿಟ್ಟಬಿಟ್ಟೆ.
ನೂರಾ ಹನ್ನೊಂದು ವೋಟು. ಠೇವಣಿ ಹೋತು.
ಮರುದಿನ ಬಂದು ಗ್ವಾಡಿ ಮುಂದ ನಿಂತು ನಕ್ಕಾ:
"ಒತ್ತಿಲ್ಲದಾಂವಗ ಯಾರರ ಶಿಕ್ಕಾ ಒತ್ತತಾರೇನೋ ಪೇಂಟರಾ?"

ಅದಕ್ಕೂ ಮೊದಲ ಅಂವಾ ವಾಲ್ವ್ ತಿರುವಾಂವ, ದಿನಗೂಲಿ.
ಹೆಗಲಮ್ಯಾಲ ಆಳೆತ್ತರದ ಕಬ್ಬಿಣದ ಕೀಲಿ,
ಹಿಂದ ಓಣಿ ನಾಯಿಗೋಳ ಮೆರವಣಿಗಿ.
ಎಂಟು ದಿನಕ್ಕೊಮ್ಮೆ ಬರೂ ನೀರು
ಅವನ ರಟ್ಟ್ಯಾಗ ಹಾದು ಬರತಿತ್ತು.
ಚುನಾವಣಿಗೆ ನಿಂತದ್ದಕ್ಕ ಕೂಲಿ ಬಿಡಿಸಿದರು, ಕೀಲಿ ಕಸಗೊಂಡರು.
ರಾತ್ರಿ ಓಣಿ ತಿರಗೂ ಚಟಾ ಮಾತ್ರ ಹೋಗಲಿಲ್ಲ.
ಯಾರ ಮನ್ಯಾಗ ಬಾಣಂತಿ, ಯಾರ ಮನ್ಯಾಗ ಹೆಣಾ,
ಯಾವ ಮುದುಕಿಗೆ ಕೊಡಾ ಎತ್ತಾಕ ಆಗೂದಿಲ್ಲ,
ಮತದಾರರ ಯಾದಿಕಿಂತ ಅವನ ಬಾಯಿ ಪಕ್ಕಾ.
ಎರಡನೇ ಸರ್ತಿನೂ ಬಿದ್ದಾ.
ಮೂರನೇದಕ್ಕ ಆರಿಸಿ ಬಂದಾ, ಹದಿನಾಲ್ಕು ವೋಟಿಂದ.
ಆ ಸರ್ತಿ ನಾ ಒತ್ತು ಮೊದಲ ಬರದು
ಆಮ್ಯಾಲ ಹೆಸರು ಬರದಿದ್ದೆ.

ಮುಂದಿಂದು ಊರಿಗೆ ಗೊತ್ತೈತಿ.
ಸಾಮಾನ್ಯ ಸಭಾದಾಗ, ಮಹಾಪೌರರ ಟೇಬಲ್ ಮುಂದ
ಖಾಲಿ ಕೊಡಾ ಒಡದಾ. ಪೇಪರಿನ್ಯಾಗ ಫೋಟೋ ಬಂತು.
ಪಕ್ಷೇತರ ಇದ್ದಾಂವ ಪಕ್ಷಾ ಸೇರಿದಾ, ಬಿಟ್ಟಾ, ಮತ್ತ ಸೇರಿದಾ;
ಒಂದ ಗ್ವಾಡಿಗೆ ಮೂರು ಬಣ್ಣಾ ಹಚ್ಚಿದೆ ನಾ,
ನಡಕ ಸುಣ್ಣಾ ಬಳ್ಯಾಕ ಸೈತ ಪುರಸೊತ್ತು ಕೊಡಲಿಲ್ಲ.
ಕಡೀಕ ಕಾರವಾರ ಕಡೆ ಯಾವದೋ ರೆಸಾರ್ಟಿನ್ಯಾಗ ನಾಕು ದಿನಾ.
ಅಲ್ಲಿಂದ ಫೋನ್ ಹಚ್ಚಿದಾ: "ಪೇಂಟರಾ, ಇಲ್ಲಿ ನಳಾ ತಿರುವಿದರ
ಬಿಸಿನೀರು ಬರತೈತಿ. ನಿದ್ದಿ ಬರವಲ್ತು."
ಹುಬ್ಬಳ್ಳಿ ಪಾಳಿ, ಧಾರವಾಡಕ್ಕ ಉಪ; ಮೀಸಲಾತಿನೂ ಕೂಡಿ ಬಂತು.
ಆದಾ.

ಕೆಂಪು ಗೌನಿನ ತೋಳು ಉದ್ದಾಗಿ ಬಟ್ಟು ಕಾಣತಿರಲಿಲ್ಲ.
ಮೊದಲನೇ ಸಭಾದಾಗ ನೇಕಾರ ನಗರದ ಹೊಸಾ ಸದಸ್ಯೆ
ಮಣ್ಣಿನ ಕೊಡಾ ತಂದು ಅವನ ಮುಂದ ಕುಕ್ಕಿದಳು.
ಮಂದಿ ಚೀರಿತು. ಅಂವಾ ಕುರ್ಚಿ ಇಳದು ಬಂದು
ಗೌನಿನ ಉಡ್ಯಾಗ ಚೂರು ಆರಿಸಿಕೋತ ಅಂದಾ:
"ನಾ ಒಡದದ್ದು ಸೋರೂ ಕೊಡಾ ಇತ್ತವಾ. ನೀ ಚೊಲೋದ ಒಡದಿ."
ನಗಬೇಕೋ ಬ್ಯಾಡೋ ಯಾರಿಗೂ ತಿಳೀಲಿಲ್ಲ.

ನೀರು ಮಳಿಗಾಲದಾಗ ಏಳು ದಿನಕ್ಕ ಬಂತು,
ಬ್ಯಾಸಗ್ಯಾಗ ಒಂಬತ್ತಕ್ಕ ಹೋತು.
ಎರಡು ಮೂತ್ರಿ, ಒಂದು ಎತ್ತರದ ದೀಪಾ,
ವಾಲ್ವ್ ಹುಡುಗರಿಗೆ ಬೂಟು, ರೇನ್‌ಕೋಟು.
ಅವರನ್ನ ಕಾಯಂ ಮಾಡೂ ಫೈಲು ಬೆಂಗಳೂರಿಗೆ ಹೋತು,
ದಾರಿ ಮರತಿರಬೇಕು.

ಮೊನ್ನೆ ಕರದಿದ್ದರು. ನಿಚ್ಚಣಿಕಿ ಹತ್ತಿದೆ.
'ಇಂದ' ಖಾನೆದ ಬಿಳಿ ಇನ್ನೂ ಹಳದಿಗೆ ತಿರಗಿರಲಿಲ್ಲ.
ಅಲಗ್ಯಾಡೂ ನಿಚ್ಚಣಿಕಿ ಒಮ್ಮೆಲೆ ಗಟ್ಟಿ ಆತು;
ಸಿಪಾಯಿ ಹಿಡದಾನ ಅಂತ ಕೆಳಗ ನೋಡಿದರ ಅಂವಾ.
"ಒತ್ತು ಐತೆಲ್ಲಾ?"
"ಐತಿ."
"ಹಂಗಾರ ಬರಿ."
ಬರದೆ.

ಹೆಗ್ಗೇರಿ ಗ್ವಾಡಿ ಉದ್ರಿ ಇನ್ನೂ ಕೊಟ್ಟಿಲ್ಲ. ನಾನೂ ಕೇಳಿಲ್ಲ.
ಇಬ್ಬರೂ ದುರ್ಗದಬೈಲಿಗೆ ಗಿರ್ಮಿಟ್ ತಿನ್ನಾಕ ನಡದಿದ್ವಿ,
ಎದುರಿಗೆ ಒಬ್ಬ ಹುಡುಗಾ, ಹೆಗಲಮ್ಯಾಲ ಕೀಲಿ.
ನಮಸ್ಕಾರಕ್ಕ ಕೈ ಖಾಲಿ ಇರಲಿಲ್ಲ, ಗದ್ದಾ ಎತ್ತಿದಾ.
ಯಮನೂರಪ್ಪ ನಿಂತಾ. ಕೀಲಿ ಒಮ್ಮೆ ಮುಟ್ಟಿದಾ:
"ಇವತ್ತ ಯಾವ ಓಣಿ?"